ಬಣ್ಣಕ್ಕೆ ಮೊದಲು ತಾರಸಿ

ಮನೆ ಮಾರುವುದೆಂದು ತೀರ್ಮಾನವಾದ ಮರುದಿನವೇ ಹೆಚ್ಚಿನವರು ಬಣ್ಣದವರಿಗೆ ಫೋನ್ ಮಾಡುತ್ತಾರೆ. ಎಂಬತ್ತರ ದಶಕದಲ್ಲಿ ಅಪ್ಪ ಸಾಲ ಮಾಡಿ ಕಟ್ಟಿಸಿದ ಮನೆ. ಮಕ್ಕಳು ಬೇರೆ ಊರುಗಳಲ್ಲಿ ನೆಲೆ ನಿಂತಿದ್ದಾರೆ. ಬೀಗ ಹಾಕಿಟ್ಟರೆ ಹಾಳಾಗುತ್ತದೆ, ಬಾಡಿಗೆಗೆ ಕೊಟ್ಟರೆ ನೋಡಿಕೊಳ್ಳಲು ಯಾರೂ ಇಲ್ಲ. ಹೇಗೂ ಮಾರುತ್ತೇವೆ, ನಾಲ್ಕು ಕಾಸು ಹೆಚ್ಚೇ ಬರಲಿ ಎಂದು ಬಣ್ಣದಿಂದ ಶುರುವಾದ ಕೆಲಸ ಹಾಲ್‌ಗೆ ಪಿಒಪಿ ಸೀಲಿಂಗ್, ಅಡುಗೆಮನೆಗೆ ಮಾಡ್ಯುಲರ್ ಕಪಾಟು, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಎಂದು ಬೆಳೆಯುತ್ತಾ ಹೋಗುತ್ತದೆ. ಲಕ್ಷಗಳು ಕರಗಿದ ಮೇಲೆ ಮನೆ ನೋಡಲು ಬಂದವರು ಆ ಹೊಸ ಸೀಲಿಂಗಿನ ಕೆಳಗೇ ನಿಂತು ಕೇಳುತ್ತಾರೆ: "ಮಳೆಗಾಲದಲ್ಲಿ ಇಲ್ಲಿ ಸೋರುತ್ತಾ ಸಾರ್?"

ಹಳೆಯ ಮನೆ ಕೊಳ್ಳಲು ಬರುವವರಿಗೆ ಅಡುಗೆಮನೆ ಹೇಗಿರಬೇಕು, ಗೋಡೆಗೆ ಯಾವ ಬಣ್ಣ ಬೇಕು ಎಂಬ ಕಲ್ಪನೆ ಮೊದಲೇ ಇರುತ್ತದೆ. ನೀವು ಏನೇ ಮಾಡಿಸಿಟ್ಟರೂ ಅವರು ತಮ್ಮಿಷ್ಟದಂತೆ ಬದಲಿಸಿಕೊಳ್ಳುತ್ತಾರೆ. ಅವರ ನಿದ್ದೆ ಕೆಡಿಸುವ ವಿಷಯಗಳೇ ಬೇರೆ: ಸೋರುವ ತಾರಸಿ, ಶೀತ ಹಿಡಿದ ಗೋಡೆ, ಹಳೆಯ ವೈರಿಂಗ್, ಗೆದ್ದಲು, ಗೊಂದಲದ ಕಾಗದಪತ್ರ. ಗೋಡೆಯಲ್ಲಿ ಒಂದು ಕಂದು ಕಲೆ ಕಂಡರೂ ಅದರ ಹಿಂದೆ ಏನಿದೆಯೋ ಗೊತ್ತಿಲ್ಲದ ಕಾರಣ, ಸಾವಿರಗಳಲ್ಲಿ ಮುಗಿಯುವ ರಿಪೇರಿಗೆ ಲಕ್ಷಗಳಲ್ಲಿ ಚೌಕಾಸಿ ಮಾಡುತ್ತಾರೆ. ಆದ್ದರಿಂದ ಕೈಯಲ್ಲಿರುವ ಸ್ವಲ್ಪ ಹಣವನ್ನು ಅವರ ಮೆಚ್ಚುಗೆ ಗಳಿಸಲು ಸುರಿಯುವ ಬದಲು ಅವರ ಭಯ ಕಳೆಯಲು ಬಳಸಬೇಕು ಎಂಬುದೇ ನನ್ನ ಖಚಿತವಾದ ಅಭಿಪ್ರಾಯ.

ಅದಕ್ಕೂ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು. ನೀವು ಮಾರುತ್ತಿರುವುದು ಮನೆಯನ್ನೋ, ಸೈಟನ್ನೋ? ಬೆಂಗಳೂರಿನ ಜಯನಗರ, ರಾಜಾಜಿನಗರದಂಥ ಕಡೆ ಮೂವತ್ತು ನಲವತ್ತರ ಸೈಟಿನಲ್ಲಿರುವ ಹಳೆಯ ಮನೆಯನ್ನು ಕೊಳ್ಳುವವರು ಅನೇಕ ಸಲ ಅದನ್ನು ಕೆಡವಿ ಮೂರು ನಾಲ್ಕು ಅಂತಸ್ತು ಎಬ್ಬಿಸುವ ಲೆಕ್ಕದಲ್ಲೇ ಬರುತ್ತಾರೆ. ಅಂಥ ಮನೆಗೆ ಹಾಕಿದ ಪ್ರತಿ ರೂಪಾಯಿಯೂ ಜೆಸಿಬಿಯ ಪಾಲಾಗುತ್ತದೆ. ಅಲ್ಲಿ ಕಳೆ ಕಿತ್ತು, ಒಳಗಿನ ಹಳೆಯ ಸಾಮಾನು ಖಾಲಿ ಮಾಡಿ, ಅಳತೆಯನ್ನೂ ಕಾಗದವನ್ನೂ ಸರಿಮಾಡಿಟ್ಟರೆ ಸಾಕು. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ, ಶಿವಮೊಗ್ಗ, ಧಾರವಾಡ, ಮಂಗಳೂರಿನಲ್ಲಿ ಇದ್ದ ಮನೆಯಲ್ಲೇ ಬಂದು ವಾಸಿಸುವವರು ಇನ್ನೂ ಸಿಗುತ್ತಾರೆ. ನಿಮ್ಮ ಬೀದಿ ಯಾವ ಕಡೆಗೆ ಸೇರಿದ್ದೆಂದು ತಿಳಿಯಲು ಏಜೆಂಟರನ್ನೇ ಕೇಳಬೇಕೆಂದಿಲ್ಲ. ಈಚೆಗೆ ಆ ಬೀದಿಯಲ್ಲಿ ಮಾರಾಟವಾದ ಮನೆಗಳು ನಿಂತಿವೆಯೋ, ನೆಲಸಮವಾದವೋ ನೋಡಿದರೆ ಉತ್ತರ ಸಿಗುತ್ತದೆ. ಮುಂದೆ ಹೇಳುವುದೆಲ್ಲ ಮನೆ ಮನೆಯಾಗಿಯೇ ಉಳಿಯುವ ಕಡೆಗೆ.

ಕೆಲಸ ತಾರಸಿಯಿಂದ ಶುರುವಾಗಲಿ. ಸಂಜೆ ನಾಲ್ಕಾರು ಬಕೆಟ್ ನೀರು ಸುರಿದು ಅದು ಎಲ್ಲಿ ನಿಲ್ಲುತ್ತದೆಂದು ನೋಡಿ. ಹಳೆಯ ತಾರಸಿಗಳಲ್ಲಿ ಇಳಿಜಾರು ಕೆಟ್ಟು ನೀರು ಮಧ್ಯದಲ್ಲೇ ಮಡುಗಟ್ಟುವುದು, ಮಳೆ ನೀರಿನ ಪೈಪಿನ ಬಾಯಿಗೆ ಎಲೆ ಮಣ್ಣು ಕಟ್ಟಿಕೊಂಡಿರುವುದು ತೀರಾ ಸಾಮಾನ್ಯ. ಪ್ಯಾರಾಪೆಟ್ ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಅಲ್ಲಿಂದಲೇ ಇಳಿಯುತ್ತದೆ. ಆ ಸಂದಿಯಲ್ಲಿ ಅರಳಿ ಸಸಿ ಹುಟ್ಟಿದ್ದರೆ ಮೇಲಿಂದ ಚಿವುಟಿ ಬಿಡಬೇಡಿ, ಬೇರು ಸಮೇತ ಬಿಡಿಸಿ ತೆಗೆದು ಸಂದಿ ಮುಚ್ಚಿಸಬೇಕು. ಬಿರುಕುಗಳನ್ನು ಕೊರೆದು ತುಂಬಿಸಿ, ಮೂಲೆಗಳಿಗೆ ಗಾರೆ ಮೇಸ್ತ್ರಿಗಳಿಂದ ಗುಂಡಗೆ ಸಿಮೆಂಟ್ ಕೂರಿಸಿ, ಅದರ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿದರೆ ಸಾಮಾನ್ಯ ಸೋರಿಕೆ ನಿಲ್ಲುತ್ತದೆ. ಆದರೆ ನೀರು ಮಡುಗಟ್ಟುವ ತಾರಸಿಗೆ ಬರೀ ಕೋಟಿಂಗ್ ಹೊಡೆಸುವುದು ಹಣ ದಂಡ. ಇಳಿಜಾರು ಮೊದಲು ಸರಿಯಾಗಬೇಕು. ಕೆಲಸ ಮುಗಿದ ಮೇಲೆ ಪೈಪಿನ ಬಾಯಿ ಕಟ್ಟಿ ಒಂದು ದಿನ ನೀರು ನಿಲ್ಲಿಸಿ ಕೆಳಗೆ ಪರೀಕ್ಷೆ ಮಾಡಿಕೊಳ್ಳಿ. ಮೇಸ್ತ್ರಿಗೆ ಪೂರ್ತಿ ಹಣ ಕೊಡುವುದು ಅದಾದ ನಂತರವೇ.

ಗೋಡೆಯ ಶೀತದಲ್ಲಿ ಹೆಚ್ಚಿನವರು ಎಡವುತ್ತಾರೆ, ಏಕೆಂದರೆ ಕಲೆ ಕಾಣುವ ಜಾಗ ಒಂದು, ನೀರು ಬರುವ ಜಾಗ ಇನ್ನೊಂದು. ಕಲೆ ಸೀಲಿಂಗಿನಿಂದ ಕೆಳಕ್ಕೆ ಇಳಿದಿದ್ದರೆ ತಾರಸಿಯ ನೀರು. ಬಚ್ಚಲಮನೆಗೆ ಹೊಂದಿಕೊಂಡ ಗೋಡೆಯಲ್ಲಿ ಸೊಂಟದೆತ್ತರದಲ್ಲಿದ್ದರೆ ಒಳಗೆ ಹುದುಗಿರುವ ಜಿಐ ಪೈಪು ತುಕ್ಕು ತಿಂದು ಜಿನುಗುತ್ತಿರಬಹುದು. ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಉದ್ದಕ್ಕೂ ಪಟ್ಟೆಯಂತಿದ್ದು, ಮುಟ್ಟಿದರೆ ಬಿಳಿ ಉಪ್ಪು ಉದುರುತ್ತಿದ್ದರೆ ತಳಪಾಯದಿಂದ ಏರಿದ ತೇವ. ಒಂದು ಸುಲಭದ ಪರೀಕ್ಷೆ ಇದೆ. ಅಂಗೈ ಎರಡರಷ್ಟು ಅಗಲದ ಅಲ್ಯುಮಿನಿಯಂ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪು ಅಂಟಿಸಿ ಎರಡು ದಿನ ಬಿಡಿ. ತೆಗೆದಾಗ ಗೋಡೆಗೆ ತಾಗಿದ ಬದಿ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಗಿನ ಬದಿ ಮಾತ್ರ ಬೆವರಿದ್ದರೆ ಕೋಣೆಯಲ್ಲಿ ಗಾಳಿಯಾಡುತ್ತಿಲ್ಲ, ಕಿಟಕಿ ತೆಗೆದಿಟ್ಟರೆ ಅಥವಾ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಮುಗಿಯುತ್ತದೆ. ಪೈಪಿನ ಅನುಮಾನವಿದ್ದರೆ ರಾತ್ರಿ ಎಲ್ಲ ನಲ್ಲಿ ಕಟ್ಟಿ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಗೋಡೆ ಒಡೆಯುವ ಮೊದಲು ಇಷ್ಟು ತಿಳಿದುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಉಪ್ಪು ಹೊಡೆದ ಗೋಡೆಗೆ ಮೇಲಿಂದ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಅದು ಮತ್ತೆ ಹಪ್ಪಳದಂತೆ ಏಳುತ್ತದೆ. ಸಡಿಲಾದ ಗಿಲಾವನ್ನು ಕೆತ್ತಿ ತೆಗೆದು, ಗೋಡೆಯನ್ನು ವಾರಗಟ್ಟಲೆ ಒಣಗಲು ಬಿಟ್ಟು, ಆಮೇಲೆ ವಾಟರ್‌ಪ್ರೂಫ್ ಪುಡಿ ಬೆರೆಸಿದ ಹೊಸ ಗಿಲಾವು ಮಾಡಿಸಬೇಕು. ಈ ಒಣಗುವ ಕಾಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಂಗಳೂರು, ಮೈಸೂರಿನ ಹವೆಯಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ. ಮೇ ಮಳೆಗಳು ಶುರುವಾದ ಮೇಲೆ ಅವಸರ ಮಾಡಿದರೆ ತೇವವನ್ನು ಒಳಗಿಟ್ಟು ಮುಚ್ಚಿದಂತೆ.

1898ರ ಪ್ಲೇಗಿನ ನಂತರ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ತೀರಾ ಹಳೆಯ ಮನೆಗಳು, ಮೈಸೂರಿನ ಅಗ್ರಹಾರದ ಮನೆಗಳು ಸುಣ್ಣದ ಗಾರೆಯವು. ಅವುಗಳ ವಿಷಯ ಬೇರೆ. ಸುಣ್ಣದ ಗೋಡೆ ತೇವವನ್ನು ಹೀರಿಕೊಂಡು ಹೊರಗೆ ಬಿಡುತ್ತಾ ಉಸಿರಾಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಉಸಿರು ಕಟ್ಟಿ ಒಳಗಿನ ಇಟ್ಟಿಗೆಯೇ ಪುಡಿಯಾಗಲು ಶುರುವಾಗುತ್ತದೆ. ಅಂಥ ಮನೆಗೆ ಸುಣ್ಣದಲ್ಲೇ ತೇಪೆ ಹಾಕಿ ಸುಣ್ಣವನ್ನೇ ಬಳಿಸುವುದು ಖರ್ಚಿನಲ್ಲೂ ಕಡಿಮೆ, ಗೋಡೆಗೂ ಹಿತ.

ಸಜ್ಜ ಮತ್ತು ಬಾಲ್ಕನಿಯ ತಳಭಾಗವನ್ನು ತಲೆಯೆತ್ತಿ ನೋಡುವವರು ಕಡಿಮೆ. ಮನೆ ಕೊಳ್ಳುವವರು ಕರೆತರುವ ಎಂಜಿನಿಯರ್ ಮಾತ್ರ ಮೊದಲು ನೋಡುವುದೇ ಅಲ್ಲಿ. ಒಳಗಿನ ಕಬ್ಬಿಣಕ್ಕೆ ನೀರು ತಾಗಿ ತುಕ್ಕು ಹಿಡಿದರೆ ಅದು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಚಕ್ಕೆ ಉದುರಿದ ಜಾಗಕ್ಕೆ ಸಿಮೆಂಟ್ ಮೆತ್ತಿ ಬಣ್ಣ ಹೊಡೆಸುವುದು ಕೆಳಗೆ ನಡೆದಾಡುವವರ ತಲೆಗೂ ಅಪಾಯ. ಸಡಿಲಾದದ್ದನ್ನೆಲ್ಲ ಕೆಡವಿ, ಸರಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ಮುಚ್ಚಿಸಬೇಕು. ಸರಳೇ ತಿಂದುಹೋಗಿ ತೆಳ್ಳಗಾಗಿದ್ದರೆ, ಅಥವಾ ಒಳಗಿನ ಮೋಲ್ಡ್ ಕೂಡ ಹೀಗೇ ಬಿರುಕು ಬಿಟ್ಟಿದ್ದರೆ, ಮೇಸ್ತ್ರಿಯ ಮಾತಿನ ಮೇಲೆ ನಿಲ್ಲದೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಸೀಲಿಂಗ್ ಸೋರುತ್ತಿದ್ದರೆ ಕೆಳಗೆ ಪಿಒಪಿ ಹಾಕಿ ಮುಚ್ಚಿಬಿಡಿ ಎಂದು ಸಲಹೆ ಕೊಡುವವರು ಇದ್ದಾರೆ. ಗೋಡೆಯ ಕಲೆಗೆ ವಾಲ್‌ಪೇಪರ್ ಅಂಟಿಸುವವರೂ ಇದ್ದಾರೆ. ಇನ್ನೊಂದು ಕುಟುಂಬ ಜೀವಮಾನದ ಉಳಿತಾಯ ಹಾಕಿ ಕೊಳ್ಳುವ ಮನೆ ಇದು. ಅವರ ಕಣ್ಣಿಗೆ ಮಣ್ಣೆರಚುವುದು ತಪ್ಪು. ಕಾನೂನೂ ಅದನ್ನೇ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯಲಾಗದ ದೊಡ್ಡ ದೋಷ ಆಸ್ತಿಯಲ್ಲಿದ್ದರೆ ಅದನ್ನು ಮೊದಲೇ ತಿಳಿಸುವುದು ಮಾರುವವರ ಹೊಣೆ. ಮುಚ್ಚಿಡುವುದನ್ನು ಆ ಕಲಂ ವಂಚನೆಯೆಂದೇ ಪರಿಗಣಿಸುತ್ತದೆ.

ನೀರಿನ ನಂತರ ವಿದ್ಯುತ್ತು. ಪಿಂಗಾಣಿ ಫ್ಯೂಸಿನ ಹಳೆಯ ಬೋರ್ಡು ಇನ್ನೂ ಗೋಡೆಯಲ್ಲಿದ್ದರೆ ಅದನ್ನು ತೆಗೆಸಿ ಎಂಸಿಬಿ ಪೆಟ್ಟಿಗೆ ಹಾಕಿಸಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಗೀಜರಿನಲ್ಲೋ ವಾಷಿಂಗ್ ಮೆಷಿನ್ನಿನಲ್ಲೋ ಕರೆಂಟು ಸೋರಿದರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿದು ಜೀವ ಉಳಿಸುವುದು ಇದೇ. ಗೋಡೆಯೊಳಗೆ ಪೈಪು ಹಾಕಿ ವೈರ್ ಎಳೆದ ಮನೆಯಾದರೆ ಗೋಡೆ ಕೊರೆಯದೆಯೇ ಹಳೆಯ ವೈರಿನ ತುದಿಗೆ ಹೊಸದನ್ನು ಕಟ್ಟಿ ಎಳೆದುಕೊಳ್ಳಬಹುದು. ಅಡುಗೆಮನೆ, ಬಚ್ಚಲು, ಮೋಟರಿನ ಲೈನು ಇಷ್ಟನ್ನಾದರೂ ಹೀಗೆ ಬದಲಿಸಿದರೆ ಸಾಕು. ಅರ್ಥಿಂಗ್ ಗುಂಡಿ ಎಷ್ಟೋ ಮನೆಗಳಲ್ಲಿ ವರ್ಷಗಳಿಂದ ನೀರು ಕಾಣದೆ ಒಣಗಿರುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಅದನ್ನು ಅಳೆಸಿ. ಬಿಲ್ಲಿನ ಮೇಲೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಎಸಿ, ವಿದ್ಯುತ್ ಕಾರಿನ ಚಾರ್ಜರ್ ಹಾಕಿಸುವ ಯೋಚನೆಯಿರುವವರು ಅದನ್ನು ಕೇಳಿಯೇ ಕೇಳುತ್ತಾರೆ. ದೀಪಗಳನ್ನೆಲ್ಲ ಬೆಳ್ಳಗಿನ ಎಲ್‌ಇಡಿ ಮಾಡಿಬಿಡಿ. ಕತ್ತಲು ಕೋಣೆಯನ್ನು ಅಗಲ ಕಾಣಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಇನ್ನು ನೆಲ. ನನಗೆ ಅತಿ ಹೆಚ್ಚು ಸಂಕಟವಾಗುವುದು ಇಲ್ಲಿ. ಒಳ್ಳೆಯ ರೆಡ್ ಆಕ್ಸೈಡ್ ನೆಲದ ಮೇಲೆ ಮಾರುವ ಅವಸರದಲ್ಲಿ ಬಿಳಿ ಟೈಲ್ಸ್ ಹಾಸಿಬಿಡುತ್ತಾರೆ. ಹಣವೂ ಹೋಗುತ್ತದೆ, ನೆಲವೂ ಹೋಗುತ್ತದೆ. ಹಳೆಯ ನೆಲದ ಮೇಲೇ ಟೈಲ್ಸ್ ಕೂರಿಸಿದರೆ ನೆಲ ಒಂದು ಇಂಚಿನಷ್ಟು ಏರುತ್ತದೆ. ಆಗ ತೇಗದ ಬಾಗಿಲುಗಳ ಕೆಳಗಂಚು ಕೊಯ್ಯಬೇಕು, ಹೊಸ್ತಿಲು ಹೂತುಹೋದಂತೆ ಕಾಣುತ್ತದೆ, ಬಚ್ಚಲ ಬಾಗಿಲಲ್ಲಿ ಮೆಟ್ಟಿಲೆಡವಿ ವಯಸ್ಸಾದವರು ಬೀಳುತ್ತಾರೆ. ರೆಡ್ ಆಕ್ಸೈಡ್ ಹಾಕಬಲ್ಲ ಕೈಗಳು ಈಗ ಕಡಿಮೆಯಾಗಿವೆ. ಹೊಸ ಮನೆಗೆ ಆ ನೆಲ ಬೇಕೆಂದು ಹುಡುಕಿಕೊಂಡು ಹೋಗುವವರಿದ್ದಾರೆ. ಇದ್ದದ್ದನ್ನು ಮತ್ತೆ ಹೊಳೆಸುವುದು ಕಷ್ಟವಲ್ಲ. ಆಸಿಡ್ ಮುಟ್ಟಿಸದೆ ಮೆತ್ತನೆಯ ಸೋಪು ನೀರಿನಿಂದ ಹಳೆಯ ಮೇಣ, ಜಿಡ್ಡು ಬಿಡಿಸಿ ಪೂರ್ತಿ ಒಣಗಿಸಿ. ಬಿರುಕುಗಳಿಗೆ ಬಿಳಿ ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ ತುಂಬಬೇಕು. ಬಣ್ಣ ಹೊಂದುತ್ತದೆಯೇ ಎಂದು ಮೊದಲು ಮಂಚದ ಕೆಳಗಿನಂಥ ಮರೆಯಾದ ಮೂಲೆಯಲ್ಲಿ ನೋಡಿ, ಏಕೆಂದರೆ ಒಣಗಿದ ಮೇಲೆ ಅದು ತಿಳಿಯಾಗುತ್ತದೆ. ಆಮೇಲೆ ನೆಲದ ಮೇಣವನ್ನು ತೆಳ್ಳಗೆ ಹಚ್ಚಿ ಹತ್ತಿಬಟ್ಟೆಯಲ್ಲಿ ತಿಕ್ಕಿದರೆ ದಶಕಗಳಷ್ಟು ಹಳೆಯ ನೆಲ ಕಿಟಕಿಯ ಬೆಳಕನ್ನು ತೋರಿಸಲು ಶುರುಮಾಡುತ್ತದೆ.

ಮೊಸಾಯಿಕ್ ನೆಲಕ್ಕೂ ಇದೇ ಮಾತು. ಮಾರ್ಬಲ್ ಚೂರು ಬೆರೆಸಿದ ಆ ಹಲಗೆಗಳನ್ನು ಮೆಷಿನ್ ತಂದು ನೀರು ಹಾಕಿ ಒರಟಿನಿಂದ ನುಣುಪಿಗೆ ಹಂತ ಹಂತವಾಗಿ ಉಜ್ಜಿದರೆ ಮೇಲ್ಪದರದ ಮಂಕು ಹೋಗಿ ಒಳಗಿನ ಚೂರುಗಳು ಮತ್ತೆ ಹೊಳೆಯುತ್ತವೆ. ಹೊಸ ಟೈಲ್ಸಿಗೆ ಆಗುವ ಖರ್ಚಿನ ಒಂದು ಭಾಗದಲ್ಲಿ ಕೆಲಸ ಮುಗಿಯುತ್ತದೆ. ಮೆಷಿನ್ ಬಂದಾಗ ಮನೆಯೆಲ್ಲ ಕೆಸರಾಗುತ್ತದೆ, ಆದ್ದರಿಂದ ಇದು ಬಣ್ಣಕ್ಕೆ ಮೊದಲೇ ಆಗಬೇಕು.

ಅಡುಗೆಮನೆಯಲ್ಲಿ ಕಡಪ ಕಲ್ಲಿನ ಕಟ್ಟೆ ಗಟ್ಟಿಯಾಗಿದ್ದರೆ ಇರಲಿ ಬಿಡಿ. ಸಿಂಕು, ನಲ್ಲಿ ಬದಲಿಸಿ, ಎಣ್ಣೆ ಜಿಡ್ಡಿನ ಗೋಡೆಗೆ ಕಟ್ಟೆಯ ಮೇಲೆ ಎರಡು ಅಡಿ ಟೈಲ್ಸ್ ಕೂರಿಸಿ, ಕಪಾಟಿನ ಬಾಗಿಲುಗಳನ್ನು ಮಾತ್ರ ಹೊಸದು ಮಾಡಿಸಿದರೆ ಸಾಕು. ಬಚ್ಚಲಲ್ಲಿ ಟೈಲ್ಸಿನ ಸಂದಿಯ ಹಳೆಯ ಸಿಮೆಂಟ್ ಕೆರೆದು ಎಪಾಕ್ಸಿ ತುಂಬಿಸಿ. ಕೆಳಗಡೆ ಕೊಳೆತ ಬಾಗಿಲಿದ್ದರೆ ಬದಲಿಸಿ. ವಾಸನೆ ಬರುತ್ತಿದ್ದರೆ ಸೆಂಟು ಹೊಡೆಯಬೇಡಿ, ನೆಲದ ಟ್ರ್ಯಾಪಿನಲ್ಲಿ ನೀರು ನಿಲ್ಲುತ್ತಿದೆಯೇ ನೋಡಿ. ಬೀಗ ಹಾಕಿದ ಮನೆಗಳಲ್ಲಿ ಆ ನೀರು ಆರಿಹೋಗಿ ಚರಂಡಿಯ ಗಾಳಿ ನೇರವಾಗಿ ಒಳಗೆ ಬರುತ್ತದೆ. ವಾರಕ್ಕೊಮ್ಮೆ ಯಾರಾದರೂ ಒಂದು ಚೊಂಬು ನೀರು ಹಾಕಿದರೂ ನಿಲ್ಲುತ್ತದೆ. ಸಂಪು, ಟ್ಯಾಂಕು ತೊಳೆಸಿ. ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿ, ಗೇಟಿನ ತುಕ್ಕು ಉಜ್ಜಿ ಬಣ್ಣ ಹೊಡೆಸಿ. ಗೆದ್ದಲು ಕಂಡರೆ ಔಷಧಿ ಹೊಡೆಸಿ ಅದರ ರಸೀದಿ ಇಟ್ಟುಕೊಳ್ಳಿ.

ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳಿಗೆ ಬೇರೆ ಲೆಕ್ಕ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಆ ಹೆಂಚಿನ ದೊಡ್ಡ ಗುಣವೆಂದರೆ ಒಡೆದ ಒಂದನ್ನಷ್ಟೇ ತೆಗೆದು ಇನ್ನೊಂದು ಕೂರಿಸಬಹುದು. ಕೆಡವಿದ ಮನೆಗಳ ಹಳೆಯ ಹೆಂಚು ಸಿಕ್ಕರೆ ಅಳತೆಯೂ ಬಣ್ಣವೂ ಚೆನ್ನಾಗಿ ಹೊಂದುತ್ತದೆ. ಮಳೆಗಾಲಕ್ಕೆ ಮುಂಚೆ ಪಾಚಿ ತೊಳೆಸಿ, ಪಕ್ಕಾಸು ರೀಪುಗಳಲ್ಲಿ ಗೆದ್ದಲು, ಕೊಳೆತ ತುದಿ ಎಲ್ಲಿದೆಯೆಂದು ಬಡಗಿಯಿಂದ ನೋಡಿಸಿ ಅಷ್ಟನ್ನು ಬದಲಿಸಿ. ಹೆಂಚು ಇಳಿಸಿ ಶೀಟು ಹಾಕಿಸುವುದು ಬೇಡ. ಮನೆ ಬೇಸಿಗೆಯಲ್ಲಿ ಕಾಯುತ್ತದೆ, ಮಳೆಯಲ್ಲಿ ಮಾತು ಕೇಳಿಸದಷ್ಟು ಸದ್ದು.

ಇಷ್ಟಾದ ಮೇಲೆ ಬಣ್ಣ. ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಎಲ್ಲರೂ ಹೊರಟ ಮೇಲೆಯೇ ಬಣ್ಣದವರು ಬರಬೇಕು. ಒಳಗೋಡೆ, ಸೀಲಿಂಗ್ ಸೇರಿ ನೆಲದ ವಿಸ್ತೀರ್ಣದ ಸುಮಾರು ಮೂರರಿಂದ ಮೂರೂವರೆ ಪಟ್ಟು ಬಣ್ಣದ ಜಾಗವಿರುತ್ತದೆ. ಗುತ್ತಿಗೆ ಮಾತಾಡುವಾಗ ಈ ಲೆಕ್ಕ ನೆನಪಿನಲ್ಲಿರಲಿ. ತಿಳಿ ಕೆನೆ ಬಣ್ಣ ಅಥವಾ ಬಿಳಿ, ಎಲ್ಲ ಕೋಣೆಗೂ ಒಂದೇ. ಹಳೆಯ ತೇಗದ ಬಾಗಿಲಿಗೆ ಎನಾಮೆಲ್ ಬಳಿದಿದ್ದರೆ ಮುಂಬಾಗಿಲೊಂದನ್ನಾದರೂ ಕೆರೆಸಿ ಪಾಲಿಶ್ ಮಾಡಿಸಿ. ಮನೆಗೆ ಬಂದವರು ಬೀಗ ತೆಗೆಯುವ ತನಕ ನಿಂತು ನೋಡುವುದು ಆ ಬಾಗಿಲನ್ನೇ.

ಮಾರುವ ಮೊದಲು ಬೆಲೆ ಹೆಚ್ಚಲಿ ಎಂದು ತಾರಸಿ ಮೇಲೆ ಇನ್ನೊಂದು ಕೋಣೆ ಎಬ್ಬಿಸುವವರಿದ್ದಾರೆ. ದಯವಿಟ್ಟು ಬೇಡ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ಎಂಜಿನಿಯರ್ ಮಂಜೂರಾದ ನಕ್ಷೆ ಹಿಡಿದು ಮನೆ ಅಳೆಯುತ್ತಾರೆ. ನಕ್ಷೆಯಲ್ಲಿಲ್ಲದ ಕೋಣೆ ಬೆಲೆ ಏರಿಸುವುದಿರಲಿ, ಸಾಲವನ್ನೇ ತಡೆಯಬಹುದು. ಬೆಂಗಳೂರಿನಲ್ಲಿ 2009ರ ತಿದ್ದುಪಡಿಯಿಂದ 2400 ಚದರಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಇನ್ನೂ ಮಾಡಿಸಿಲ್ಲದಿದ್ದರೆ ತಾರಸಿ ಪೈಪು ಸರಿಮಾಡಿಸುವಾಗಲೇ ಮುಗಿಸಿಕೊಳ್ಳಿ. ಕಾಗದದ ಕೆಲಸ ಬಣ್ಣದ ಕೆಲಸಕ್ಕಿಂತ ನಿಧಾನ. ಸಿಐಟಿಬಿ ಅಥವಾ ಬಿಡಿಎ ಹಂಚಿಕೆ ಪತ್ರ, ಶುದ್ಧ ಕ್ರಯಪತ್ರ, ಋಣಭಾರ ಪತ್ರ, ಅಪ್ಪನ ಹೆಸರಿನಲ್ಲೇ ಉಳಿದ ಖಾತೆ ಮತ್ತು ಕರೆಂಟ್ ಬಿಲ್ಲು, ವಂಶವೃಕ್ಷ ಇವನ್ನೆಲ್ಲ ಮೊದಲ ವಾರದಲ್ಲೇ ಕೈಗೆತ್ತಿಕೊಳ್ಳಿ. ನಗರಗಳಲ್ಲಿ ಈಗ ಇ-ಖಾತೆ ಇಲ್ಲದೆ ನೋಂದಣಿ ನಡೆಯುವುದಿಲ್ಲ.

ತೆರಿಗೆಯ ಒಂದೆರಡು ವಿಷಯ. 2024ರ ಜುಲೈ 23ರಂದು ಅಥವಾ ಆ ನಂತರ ನಡೆದ ಮಾರಾಟಕ್ಕೆ ದೀರ್ಘಾವಧಿ ಲಾಭದ ಮೇಲೆ 12.5 ಶೇಕಡಾ ತೆರಿಗೆ. ಆ ದಿನಕ್ಕೆ ಮೊದಲೇ ಪಡೆದ ಮನೆಯಾದರೆ ಇಲ್ಲಿ ನೆಲೆಸಿರುವವರು ಹಣದುಬ್ಬರದ ಹೊಂದಾಣಿಕೆಯೊಂದಿಗೆ 20 ಶೇಕಡಾ ಲೆಕ್ಕವನ್ನೂ ಹೋಲಿಸಿ, ಕಡಿಮೆ ಬರುವಷ್ಟನ್ನೇ ಕಟ್ಟಬಹುದು. 2001ರ ಏಪ್ರಿಲ್ 1ಕ್ಕೆ ಮುಂಚಿನ ಆಸ್ತಿಗೆ ಆ ದಿನದ ಬೆಲೆಯನ್ನು ಆಧಾರವಾಗಿ ಹಿಡಿಯಬಹುದು. ಬಣ್ಣ, ಸಣ್ಣ ರಿಪೇರಿಗಳನ್ನು ಸಾಮಾನ್ಯವಾಗಿ ಸುಧಾರಣೆಯ ವೆಚ್ಚವೆಂದು ಒಪ್ಪುವುದಿಲ್ಲ. ಹಿಂದೆ ಕಟ್ಟಿಸಿದ ಕೋಣೆ, ಹೊಸದಾಗಿ ಮಾಡಿಸಿದ ತಾರಸಿಯಂಥ ಖರ್ಚಿನ ಬಿಲ್ಲುಗಳಿದ್ದರೆ ಹುಡುಕಿ ತೆಗೆದು ಆಡಿಟರಿಗೆ ತೋರಿಸಿ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗನ ಹೆಸರಿನಲ್ಲಿ ಮನೆಯಿದ್ದರೆ ಕೊಳ್ಳುವವರು ಮುರಿದುಕೊಳ್ಳಬೇಕಾದ ತೆರಿಗೆ ಇಲ್ಲಿನವರಂತೆ ಒಂದು ಶೇಕಡಾ ಅಲ್ಲ, ಬಹಳ ಹೆಚ್ಚು. ಕಡಿಮೆ ದರದ ಪ್ರಮಾಣಪತ್ರಕ್ಕೆ ನೋಂದಣಿಗೆ ಸಾಕಷ್ಟು ಮುಂಚೆಯೇ ಅರ್ಜಿ ಹಾಕಬೇಕು.

ಎಲ್ಲ ದೋಷವನ್ನೂ ನೀವೇ ಸರಿಮಾಡಿಸಿ ಮಾರಬೇಕೆಂದೇನಿಲ್ಲ. ಹಣವಿಲ್ಲದೆ ಉಳಿದ ಕೆಲಸಕ್ಕೆ ಇಬ್ಬರು ಮೇಸ್ತ್ರಿಗಳಿಂದ ಅಂದಾಜು ಬರೆಸಿಟ್ಟುಕೊಳ್ಳಿ. ಮಾಡಿಸಿದ ಕೆಲಸಗಳ ಬಿಲ್ಲು, ದಿನಾಂಕ, ಮೇಸ್ತ್ರಿಯ ಫೋನ್ ನಂಬರು, ಗೋಡೆ ಕೆತ್ತಿದಾಗ ತೆಗೆದ ಫೋಟೊ ಇವನ್ನು ಒಂದು ಫೈಲಿಗೆ ಹಾಕಿ. ನೋಡಲು ಬಂದವರ ಕೈಗೆ ತಾರಸಿಯ ಬೀಗದ ಕೈ ಜೊತೆ ಆ ಫೈಲನ್ನೂ ಕೊಟ್ಟು, ಹಿಂದಿನ ಕೋಣೆಯ ಗೋಡೆಗೆ ಇನ್ನೂ ಇಷ್ಟು ಖರ್ಚಿದೆ ಎಂದು ನೀವಾಗಿಯೇ ಹೇಳಿ. ಚೌಕಾಸಿ ಆ ಅಂದಾಜಿನ ಸುತ್ತಲೇ ನಡೆಯುತ್ತದೆ, ಬಾಯಿಗೆ ಬಂದ ಲಕ್ಷಗಳಲ್ಲಿ ನಡೆಯುವುದಿಲ್ಲ.